ಬೇರೆಯವರ ಹಾಲ್‌ನಲ್ಲಿ ಒಂದು ಸೀಸನ್: ಗ್ರಿಂಡವಿಕ್ ಬ್ಯಾಸ್ಕೆಟ್‌ಬಾಲ್ ಕ್ಲಬ್‌ನ ಪ್ರಕರಣ

2023ರ ನವೆಂಬರ್ 10, ಶುಕ್ರವಾರ. ಐಸ್‌ಲ್ಯಾಂಡಿನ ನೈಋತ್ಯ ಮೂಲೆಯಲ್ಲಿ, ಸಮುದ್ರದ ದಡದಲ್ಲಿರುವ ಗ್ರಿಂಡವಿಕ್ ಎಂಬ ಮೀನುಗಾರರ ಊರು. ಮಧ್ಯಾಹ್ನದಿಂದ ನೆಲ ಬಿಡುವಿಲ್ಲದೆ ನಡುಗುತ್ತಿತ್ತು. ಸಂಜೆಯ ಹೊತ್ತಿಗೆ ಎಷ್ಟೋ ಮನೆಯವರು ತಾವಾಗಿಯೇ ಕಾರು ಹತ್ತಿದ್ದರು. ರಾತ್ರಿ 11ರ ಸುಮಾರಿಗೆ ಆದೇಶವೂ ಬಂತು: ಊರು ಖಾಲಿ ಮಾಡಿ. ಸುಮಾರು 3,800 ಜನರ ಊರು ಆ ರಾತ್ರಿಯೇ ಬರಿದಾಯಿತು. ಊರಿನ ಅಡಿಯಿಂದಲೇ ಹಾದು, ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಕರಗಿದ ಕಲ್ಲು ನುಗ್ಗಿತ್ತು.

ಎಂಟು ದಿನ ಕಳೆಯಿತು. ನವೆಂಬರ್ 18ರ ಶನಿವಾರ ಅದೇ ಊರಿನ ಬ್ಯಾಸ್ಕೆಟ್‌ಬಾಲ್ ತಂಡಗಳು ಲೀಗ್ ಪಂದ್ಯ ಆಡಲು ಇಳಿದವು. ಒಂದು ಹೆಂಗಸರ ಪಂದ್ಯ, ಒಂದು ಗಂಡಸರ ಪಂದ್ಯ, ಎರಡೂ ಒಂದೇ ದಿನ. ಜಾಗ ಮಾತ್ರ ಬೇರೆ. ರಾಜಧಾನಿ ರೇಕ್ಯಾವಿಕ್‌ಗೆ ಅಂಟಿಕೊಂಡಿರುವ ಕೋಪಾವೋಗುರ್ ಪಟ್ಟಣದ ಸ್ಮಾರಿನ್ ಹಾಲ್. ಅದು ಬ್ರೇಡಾಬ್ಲಿಕ್ ಎಂಬ ಇನ್ನೊಂದು ಕ್ಲಬ್‌ನ ಸ್ವಂತ ಅಂಗಳ. ಬ್ರೇಡಾಬ್ಲಿಕ್ ಕೂಡ ಆ ವರ್ಷ ಅದೇ ಮೇಲಿನ ಲೀಗ್‌ನಲ್ಲಿ ಆಡುತ್ತಿತ್ತು. ಅಂದರೆ ಎದುರಾಳಿಯೇ ಮನೆ ಬಿಟ್ಟುಕೊಟ್ಟಿದ್ದ.

ಮುಂದಿನ ಮೇ ತಿಂಗಳಲ್ಲಿ ಈ ಗಂಡಸರ ತಂಡ, ಮೂರು ಪಂದ್ಯ ಮೊದಲು ಗೆದ್ದವರು ಚಾಂಪಿಯನ್ ಆಗುವ ಲೀಗ್ ಫೈನಲ್‌ನ ಐದನೇ, ಕೊನೆಯ ಪಂದ್ಯದವರೆಗೂ ಹೋಯಿತು. ಕೇಳಿದರೆ ಸಿನಿಮಾ ಕಥೆಯ ಹಾಗಿದೆ, ಅಲ್ವಾ? ಪತ್ರಿಕೆಗಳು ಅದನ್ನು ಹಾಗೆಯೇ ಬರೆದವು, ತಪ್ಪೇನಿಲ್ಲ. ಆದರೆ ನಾನು ಈ ಪ್ರಕರಣವನ್ನು ಎತ್ತಿಕೊಂಡಿರುವುದು ಆ ಫೈನಲ್‌ಗಾಗಿ ಅಲ್ಲ. ಚಿಕ್ಕ ದೇಶದ ಒಳಾಂಗಣ ಕ್ರೀಡೆ ಯಾವುದರ ಮೇಲೆ ನಿಂತಿದೆ ಎನ್ನುವುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ತಂಡವನ್ನು ಒಂದು ಹಾಲ್‌ನಿಂದ ಇನ್ನೊಂದು ಹಾಲ್‌ಗೆ ಒಂದು ವಾರದಲ್ಲಿ ಸಾಗಿಸಬಹುದು. ಕ್ಲಬ್ಬನ್ನು ಹಾಗೆ ಸಾಗಿಸಲು ಆಗುವುದಿಲ್ಲ.

ಈ ಮೂಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಹೇಗೆ ಬೇರು ಬಿಟ್ಟಿತು

ಐಸ್‌ಲ್ಯಾಂಡಿನ ಜನಸಂಖ್ಯೆ 4 ಲಕ್ಷವನ್ನೂ ಮುಟ್ಟಿಲ್ಲ. ಅಷ್ಟು ಜನರಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮೂರಕ್ಕೂ ಯುರೋಪ್ ಮಟ್ಟದ ತಂಡ ಇದೆ. ಹ್ಯಾಂಡ್‌ಬಾಲ್ ಅಲ್ಲಿಯ ಹೆಮ್ಮೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಬ್ಯಾಸ್ಕೆಟ್‌ಬಾಲ್ ತಂಡ 2015ರಲ್ಲಿ ಮೊದಲ ಸಲ ಯುರೋಪಿನ ದೇಶಗಳ ಚಾಂಪಿಯನ್‌ಷಿಪ್ ಆದ ಯುರೋಬಾಸ್ಕೆಟ್‌ಗೆ ಹೋಯಿತು. 2017ರಲ್ಲಿ ಮತ್ತೆ, 2025ರಲ್ಲಿ ಮತ್ತೆ. ಮೂರೂ ಸಲ ಆಡಿದ ಐದಕ್ಕೆ ಐದೂ ಪಂದ್ಯ ಸೋತರು. ಆದರೂ ಅಲ್ಲಿಗೆ ತಲುಪುವುದೇ ದೊಡ್ಡ ಮಾತು. ಅವರು ಅರ್ಹತಾ ಸುತ್ತಿನಲ್ಲಿ ಸೋಲಿಸಿದವರಲ್ಲಿ ಇಟಲಿ, ಟರ್ಕಿಯಂಥ ದೇಶಗಳಿವೆ.

ದೇಶವೆಲ್ಲ ಹ್ಯಾಂಡ್‌ಬಾಲ್ ಎನ್ನುವಾಗ ಗ್ರಿಂಡವಿಕ್ ಇರುವ ರೇಕ್ಯಾನೆಸ್ ಪರ್ಯಾಯ ದ್ವೀಪ ಮಾತ್ರ ಬ್ಯಾಸ್ಕೆಟ್‌ಬಾಲ್ ಎನ್ನುತ್ತದೆ. ಕಾರಣ ಅಮೆರಿಕದ ಸೇನೆ. 1951ರಿಂದ 2006ರವರೆಗೆ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಅಮೆರಿಕನ್ನರ ನೆಲೆ ಇತ್ತು. ಸೈನಿಕರು ಆಡಿದರು, ಊರಿನ ಹುಡುಗರು ನೋಡಿ ಕಲಿತರು, ಆಮೇಲೆ ಅವರ ಜೊತೆಗೇ ಆಡಿದರು. 1952ರಲ್ಲಿ ನಡೆದ ದೇಶದ ಮೊದಲ ಚಾಂಪಿಯನ್‌ಷಿಪ್ ಗೆದ್ದಿದ್ದೇ ಆ ವಿಮಾನ ನಿಲ್ದಾಣದ ಕ್ಲಬ್. ಅದು ಮುಂದೆ ಪಕ್ಕದ ನ್ಯಾರ್ಡ್ವಿಕ್ ಕ್ಲಬ್‌ನಲ್ಲಿ ಸೇರಿಹೋಯಿತು. ಕೆಫ್ಲಾವಿಕ್, ನ್ಯಾರ್ಡ್ವಿಕ್, ಗ್ರಿಂಡವಿಕ್: ಒಂದಕ್ಕೊಂದು ಅರ್ಧ ಗಂಟೆಯೂ ದೂರವಿಲ್ಲದ ಈ ಮೂರು ಊರುಗಳ ನಡುವೆ ದಶಕಗಳ ಜಿದ್ದು. ಗ್ರಿಂಡವಿಕ್ ಈ ಮೂರರಲ್ಲಿ ಚಿಕ್ಕದು. ಆದರೂ ಗಂಡಸರು 1996, 2012, 2013ರಲ್ಲಿ ಚಾಂಪಿಯನ್ ಆದರು. ಹೆಂಗಸರು 1997ರಲ್ಲಿ ಗೆದ್ದರು.

ಚಿಕ್ಕ ಊರು ಗೆಲ್ಲುವುದು ಅಲ್ಲಿ ಪವಾಡವೇನಲ್ಲ. 2010ರಲ್ಲಿ ಗೆದ್ದ ಸ್ನೈಫೆಲ್ ಸುಮಾರು 1,100 ಜನರ ಸ್ಟಿಕ್ಕಿಶೋಲ್ಮುರ್ ಎಂಬ ಊರಿನದು. 2021ರಲ್ಲಿ ಗೆದ್ದ ಥೋರ್ ತಂಡದ ಥೋರ್ಲಾಕ್ಸ್‌ಹೋಪ್ನ್‌ನಲ್ಲಿ 2,000 ಜನರೂ ಇರಲಿಲ್ಲ. 2023ರಲ್ಲಿ ಉತ್ತರದ ಸೌಡಾರ್‌ಕ್ರೋಕುರ್ ಊರಿನ ಟಿಂಡಾಸ್ಟೋಲ್ ಮೊದಲ ಸಲ ಗೆದ್ದಿತು. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು ಜನ ಇಡೀ ದೇಶದ ಚಾಂಪಿಯನ್ ತಂಡವನ್ನು ಕಟ್ಟುತ್ತಾರೆ ಎಂದರೆ, ಅಲ್ಲಿ ಏನೋ ಬೇರೆ ವ್ಯವಸ್ಥೆ ಇರಲೇಬೇಕು.

ಸಂಜೆ ನಾಲ್ಕರ ಹಾಲ್

ಆ ವ್ಯವಸ್ಥೆಯ ಹೆಸರು ಹಾಲ್. ಐಸ್‌ಲ್ಯಾಂಡಿನ ಯಾವ ಊರಿಗೆ ಹೋದರೂ ಇದು ಸಿಗುತ್ತದೆ: ಒಂದು ಈಜುಕೊಳ, ಅದಕ್ಕೆ ಸೇರಿದಂತೆ ಮರದ ನೆಲದ ಒಂದು ಕ್ರೀಡಾ ಹಾಲ್, ಹತ್ತಿರದಲ್ಲೇ ಶಾಲೆ. ಕಟ್ಟಿಸುವುದು, ನೋಡಿಕೊಳ್ಳುವುದು ಪುರಸಭೆ. ಬೆಳಗ್ಗೆ ಶಾಲೆಯ ಪಿ.ಟಿ. ಪಿರಿಯಡ್. ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮಕ್ಕಳ ತರಬೇತಿ, ಆರು ವರ್ಷದವರಿಂದ ಶುರು. ರಾತ್ರಿ ದೊಡ್ಡವರ ತಂಡ. ಚಳಿಗಾಲದಲ್ಲಿ ಹೊರಗೆ ಗಾಳಿ, ಕತ್ತಲೆ. ಮಕ್ಕಳಿಗೆ ಹೋಗಲು ಬೇರೆ ಜಾಗವೂ ಇಲ್ಲ.

1990ರ ದಶಕದ ಕೊನೆಯಲ್ಲಿ ಹದಿಹರೆಯದವರ ಕುಡಿತ ಆ ದೇಶಕ್ಕೆ ದೊಡ್ಡ ತಲೆನೋವಾಗಿತ್ತು. ಆಗ ಪರಿಹಾರದ ಒಂದು ಭಾಗವಾಗಿ ಸಂಘಟಿತ ಆಟಕ್ಕೆ ಒತ್ತು ಕೊಟ್ಟರು. ಸ್ಥಳೀಯ ಸಂಸ್ಥೆಗಳು ಮಕ್ಕಳ ಕ್ರೀಡಾ ಶುಲ್ಕಕ್ಕೆ ಸಹಾಯಧನ ಕೊಡಲು ಶುರುಮಾಡಿದವು. ತರಬೇತುದಾರರು ಚಿಕ್ಕ ಮಕ್ಕಳ ಹಂತದಲ್ಲೂ ಕಲಿತವರು, ಸಂಬಳ ಪಡೆಯುವವರು. ಸುಮ್ನೆ ಬಿಡುವಿದ್ದವರು ಬಂದು ಸೀಟಿ ಊದುವ ಹಾಗಲ್ಲ. ಐಸ್‌ಲ್ಯಾಂಡಿನ ಕ್ರೀಡೆಯ ಗುಟ್ಟೇನು ಎಂದು ಕೇಳಿದರೆ ಎಲ್ಲರೂ ವೈಕಿಂಗ್ ರಕ್ತ, ಛಲ ಎಂದೆಲ್ಲ ಶುರುಮಾಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೆಚ್ಚಗಿನ ಹಾಲ್, ಅಲ್ಲೊಬ್ಬ ಸಂಬಳದ ಕೋಚ್. ಇದು ಜಾಸ್ತಿ ಕೆಲಸ ಮಾಡಿದೆ.

ಕ್ಲಬ್ ಎನ್ನುವುದು ಅಲ್ಲಿ ಖಾಸಗಿ ಫ್ರಾಂಚೈಸಿ ಅಲ್ಲ. ಗ್ರಿಂಡವಿಕ್‌ನದು 1935ರಲ್ಲಿ ಶುರುವಾದ ಯುವಕ ಸಂಘ. ಬ್ಯಾಸ್ಕೆಟ್‌ಬಾಲ್ ಅದರ ಒಂದು ವಿಭಾಗ, ಫುಟ್‌ಬಾಲ್ ಇನ್ನೊಂದು. ವಿಭಾಗ ನಡೆಸುವವರು ಊರಿನವರೇ, ಬಹುಪಾಲು ಬಿಟ್ಟಿ ಕೆಲಸ. ಪಂದ್ಯದ ದಿನ ಬಾಗಿಲಲ್ಲಿ ಬರ್ಗರ್ ಸುಟ್ಟು ಮಾರುವವರು ಯಾರದೋ ಅಪ್ಪ, ಟಿಕೆಟ್ ಹರಿಯುವವರು ಯಾರದೋ ಅಜ್ಜಿ. ಚಳಿಗಾಲದ ನಡುವೆ ಬರುವ ಥೋರಾಬ್ಲೋಟ್ ಎಂಬ ಊಟದ ಹಬ್ಬವನ್ನು ಎಷ್ಟೋ ಕ್ಲಬ್‌ಗಳು ದುಡ್ಡು ಎತ್ತುವುದಕ್ಕೆಂದೇ ನಡೆಸುತ್ತವೆ. ಉಳಿದದ್ದು ಸ್ಥಳೀಯ ಕಂಪನಿಗಳ ಪ್ರಾಯೋಜನೆ. ಗ್ರಿಂಡವಿಕ್‌ನಂಥ ಊರಿನಲ್ಲಿ ಕಂಪನಿ ಎಂದರೆ ಮೀನಿನ ಕಂಪನಿ.

ಎಷ್ಟು ಒತ್ತಾಗಿ ಹೆಣೆದುಕೊಂಡಿದೆ ಎಂದರೆ, 2023–24ರ ಸೀಸನ್‌ನಲ್ಲಿ ಗಂಡಸರ ತಂಡದ ಕೋಚ್ ಯೋಹಾನ್ ಥೋರ್ ಓಲಾಫ್ಸನ್. ಹೆಂಗಸರ ತಂಡದ ಕೋಚ್ ಅವರ ಸೋದರ ಥೋರ್ಲೇಫುರ್. ಗಂಡಸರ ತಂಡದ ನಾಯಕ ಇನ್ನೊಬ್ಬ ಸೋದರ ಓಲಾಫುರ್. ಬೇರೆ ದೇಶದಲ್ಲಾದರೆ ಇದಕ್ಕೆ ಸ್ವಜನಪಕ್ಷಪಾತ ಎನ್ನುತ್ತಿದ್ದರೋ ಏನೋ. 3,800 ಜನರ ಊರಿನಲ್ಲಿ ಆಟ ಗೊತ್ತಿರುವ ಮನೆತನಗಳೇ ಕೆಲವು.

ಊರು ಹೋದ ಮೇಲೆ

ನವೆಂಬರ್ 10ರ ನಂತರ ಏನಾಯಿತು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲಿಗೆ ಜನ ಅಂದುಕೊಂಡಿದ್ದು ಒಂದೆರಡು ವಾರದ ಮಾತು ಎಂದು. ಆ ಭಾಗದಲ್ಲಿ ಸುಮಾರು 800 ವರ್ಷ ನೆಲ ಸುಮ್ಮನಿತ್ತು. 2021ರಿಂದ ಮೂರು ಸಲ ಹತ್ತಿರದ ಫಾಗ್ರಾಡಾಲ್ಸ್‌ಫ್ಯಾಲ್‌ನಲ್ಲಿ ಲಾವಾ ಉಕ್ಕಿದ್ದರೂ ಅದನ್ನು ನೋಡಲು ಪ್ರವಾಸಿಗರು ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಈ ಸಲ ಹಾಗಲ್ಲ. ಮನೆಯವರಿಗೆ ಕೆಲವೇ ನಿಮಿಷ ಒಳಗೆ ಬಿಟ್ಟು ಸಾಮಾನು ತರಲು ಹೇಳಿದರು. ಯಾರೋ ಆಲ್ಬಂ ತಂದರು, ಯಾರೋ ಬೆಕ್ಕು ತಂದರು.

ಊರಿನ ಕ್ರೀಡಾ ಸಂಕೀರ್ಣಕ್ಕೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಒಳಾಂಗಣ ಫುಟ್‌ಬಾಲ್ ಹಾಲ್‌ನ ಅಡಿಯಲ್ಲಿ ದೊಡ್ಡ ಬಿರುಕು ಸಿಕ್ಕಿತು. 2024ರ ಜನವರಿ 10ರಂದು ಬಿರುಕು ಮುಚ್ಚುವ ಕೆಲಸದಲ್ಲಿದ್ದ ಒಬ್ಬರು ಅದರೊಳಗೇ ಬಿದ್ದರು. ಹುಡುಕಾಟವನ್ನು ಕೈಬಿಡಬೇಕಾಯಿತು. ಮೇಲೆ ಕಟ್ಟಡ ಗಟ್ಟಿಯಾಗಿ ಕಂಡರೂ ಕೆಳಗಿನ ನೆಲದ ಬಗ್ಗೆ ಯಾರೂ ಭರವಸೆ ಕೊಡಲಾರದ ಸ್ಥಿತಿ.

ಹಾಗಾಗಿ ತಂಡಕ್ಕೆ ಇದ್ದ ದಾರಿ ಎರಡು. ಸೀಸನ್ ಬಿಟ್ಟುಬಿಡುವುದು, ಇಲ್ಲವೇ ಇನ್ನೊಬ್ಬರ ಹಾಲ್‌ನಲ್ಲಿ ಆಡುವುದು. ಬಿಟ್ಟರೂ ಯಾರೂ ಬೈಯುತ್ತಿರಲಿಲ್ಲ. ಆಟಗಾರರಿಗೇ ಮಲಗಲು ಜಾಗವಿರಲಿಲ್ಲ. ರೇಕ್ಯಾವಿಕ್ ಸುತ್ತ ಬಾಡಿಗೆ ಮನೆ ಮೊದಲೇ ಸಿಗುತ್ತಿರಲಿಲ್ಲ. ಈಗ ಒಂದೇ ವಾರದಲ್ಲಿ ಸಾವಿರಕ್ಕೂ ಹೆಚ್ಚು ಮನೆಯವರು ಹುಡುಕುತ್ತಿದ್ದರು. ಆದರೂ ಆಡುವುದೆಂದೇ ತೀರ್ಮಾನವಾಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಅತ್ಯಂತ ಸರಿಯಾದ ತೀರ್ಮಾನ ಇದೇ. ಆದರೆ ಅದಕ್ಕೆ ಕಾರಣ ಛಲ, ಧೈರ್ಯ ಅಲ್ಲ. ಚದುರಿದ ಜನರಿಗೆ ವಾರಕ್ಕೊಮ್ಮೆ ಒಂದೇ ಕಡೆ ಸೇರಲು ಬೇರೆ ಯಾವ ನೆಪವೂ ಉಳಿದಿರಲಿಲ್ಲ. ಒಬ್ಬರು ಕೆಫ್ಲಾವಿಕ್‌ನಲ್ಲಿ ಅಣ್ಣನ ಮನೆಯಲ್ಲಿ, ಒಬ್ಬರು ಸೆಲ್ಫಾಸ್‌ನಲ್ಲಿ, ಒಬ್ಬರು ಯಾರದೋ ಬೇಸಿಗೆ ಮನೆಯಲ್ಲಿ. ಪಂದ್ಯವಿದ್ದ ದಿನ ಮಾತ್ರ ಹಳೆಯ ಪಕ್ಕದ ಮನೆಯವರು ಹಳದಿ ಟೀಶರ್ಟ್‌ನಲ್ಲಿ ಪಕ್ಕದ ಸೀಟಿನಲ್ಲಿ ಸಿಗುತ್ತಿದ್ದರು. ನಿನ್ನ ಮನೆ ಏನಾಯಿತು, ಪೈಪ್ ಒಡೆದಿದೆಯಾ, ಇನ್ಶೂರೆನ್ಸ್‌ನವರು ಏನಂದರು ಎನ್ನುವ ಮಾತೆಲ್ಲ ಅಲ್ಲೇ.

ಐದು ಸ್ಫೋಟ, ಒಂದು ಸೀಸನ್

ಆ ಸೀಸನ್ ನಡೆಯುತ್ತಿದ್ದಾಗಲೇ ಐದು ಸಲ ನೆಲ ಬಾಯಿಬಿಟ್ಟಿತು: ಡಿಸೆಂಬರ್ 18, ಜನವರಿ 14, ಫೆಬ್ರವರಿ 8, ಮಾರ್ಚ್ 16, ಮೇ 29. ಜನವರಿ 14ರಂದು ಲಾವಾ ಊರೊಳಗೇ ಬಂತು. ಊರಿನ ಉತ್ತರಕ್ಕೆ ಮಣ್ಣಿನ ತಡೆಗೋಡೆ ಕಟ್ಟಿದ್ದರು, ಅದು ಬಹುಪಾಲು ಲಾವಾವನ್ನು ಪಕ್ಕಕ್ಕೆ ತಿರುಗಿಸಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಗೋಡೆಯ ಈಚೆ, ಮನೆಗಳ ಪಕ್ಕದಲ್ಲೇ ಇನ್ನೊಂದು ಸೀಳು ತೆರೆಯಿತು. ಮೂರು ಮನೆ ಸುಟ್ಟುಹೋದವು. ಟಿವಿಯಲ್ಲಿ ನೇರ ಪ್ರಸಾರ. ಅದೇ ದಿನ ಮ್ಯೂನಿಕ್‌ನಲ್ಲಿ ಐಸ್‌ಲ್ಯಾಂಡಿನ ಹ್ಯಾಂಡ್‌ಬಾಲ್ ತಂಡ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಮಾಂಟೆನೆಗ್ರೊವನ್ನು ಒಂದೇ ಗೋಲಿನಿಂದ, 31–30ರಲ್ಲಿ ಸೋಲಿಸಿತು. ಅದರ ಹಿಂದಿನ ದಿನ ಬರ್ಲಿನ್‌ನಲ್ಲಿ, ಸುಮಾರು 54,000 ಜನರ ಫ್ಯಾರೋ ದ್ವೀಪಗಳು ನಾರ್ವೆಯ ಜೊತೆ 26–26ರಲ್ಲಿ ಸಮ ಮಾಡಿಕೊಂಡಿದ್ದವು. ಉತ್ತರದ ಚಿಕ್ಕ ದೇಶಗಳ ಒಳಾಂಗಣ ಕ್ರೀಡೆಗೆ ಇಷ್ಟು ದೊಡ್ಡ ವಾರಾಂತ್ಯ ಇನ್ನೊಂದು ನನಗೆ ನೆನಪಿಲ್ಲ. ಗ್ರಿಂಡವಿಕ್‌ನವರಿಗೆ ಅದನ್ನು ನೋಡುವ ಮನಸ್ಸಿತ್ತೋ ಇಲ್ಲವೋ.

ಫೆಬ್ರವರಿ 8ರ ಲಾವಾ ಬಿಸಿನೀರಿನ ದೊಡ್ಡ ಪೈಪನ್ನೇ ಸುಟ್ಟಿತು. ಐಸ್‌ಲ್ಯಾಂಡಿನಲ್ಲಿ ಮನೆ ಬೆಚ್ಚಗಿಡುವುದು ನೆಲದಡಿಯ ಬಿಸಿನೀರು. ಕೆಫ್ಲಾವಿಕ್, ನ್ಯಾರ್ಡ್ವಿಕ್ ಕಡೆಯ 20,000ಕ್ಕೂ ಹೆಚ್ಚು ಜನ ಕೊರೆಯುವ ಚಳಿಯಲ್ಲಿ ಬಿಸಿನೀರಿಲ್ಲದೆ ಉಳಿದರು. ಶಾಲೆ, ಈಜುಕೊಳ ಮುಚ್ಚಿದವು. ಅಂದರೆ ಗ್ರಿಂಡವಿಕ್‌ನ ಹಳೆಯ ಎದುರಾಳಿಗಳಿಗೂ ಅದರ ಸಂಕಟದ ಒಂದು ಪಾಲು ಸಿಕ್ಕಿತು.

ಇದೆಲ್ಲದರ ನಡುವೆ ತಂಡ ಗೆಲ್ಲುತ್ತಾ ಹೋಯಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಟಿಂಡಾಸ್ಟೋಲ್ ಅನ್ನು 3–0ರಲ್ಲಿ ಮನೆಗೆ ಕಳಿಸಿತು. ಸೆಮಿಫೈನಲ್‌ನಲ್ಲಿ ಪಕ್ಕದೂರಿನ ಕೆಫ್ಲಾವಿಕ್ ಅನ್ನು 3–2ರಲ್ಲಿ ದಾಟಿತು. ಹೆಂಗಸರ ತಂಡವೂ ಸೆಮಿಫೈನಲ್‌ಗೆ ಬಂತು. ಭಾವುಕ ಕಥೆಗಳಲ್ಲಿ ಬಿಟ್ಟುಹೋಗುವ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಆ ಗಂಡಸರ ತಂಡ ಒಳ್ಳೆಯ ತಂಡ. ಡಿಆಂಡ್ರೆ ಕೇನ್ ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ಆಡಿ ಬಂದವರು, ಡೆಡ್ರಿಕ್ ಬಸೀಲ್ ಐಸ್‌ಲ್ಯಾಂಡ್ ಲೀಗ್‌ನ ಒಳ್ಳೆಯ ಪಾಯಿಂಟ್ ಗಾರ್ಡ್‌ಗಳಲ್ಲಿ ಒಬ್ಬರು. ಊರ ನೋವು ತಂಡವನ್ನು ಫೈನಲ್‌ಗೆ ಒಯ್ಯಿತು ಎಂದರೆ ಕೇಳಲು ಚೆನ್ನಾಗಿರುತ್ತದೆ. ನೋವಿನಿಂದ ತ್ರೀ ಪಾಯಿಂಟರ್ ಬೀಳುವುದಿಲ್ಲ. ಸೀಸನ್ ಶುರುವಾಗುವ ಮುಂಚೆಯೇ ಸಹಿ ಮಾಡಿಸಿದ ಆಟಗಾರರಿಂದ ಬೀಳುತ್ತದೆ. ಲಾವಾ ಬರದಿದ್ದರೂ ಈ ತಂಡ ಫೈನಲ್ ಮುಟ್ಟುವ ತಂಡವೇ ಆಗಿತ್ತು ಎಂದು ನನಗನಿಸುತ್ತದೆ.

ಫೈನಲ್‌ನಲ್ಲಿ ಎದುರಾದದ್ದು ರೇಕ್ಯಾವಿಕ್‌ನ ವಾಲುರ್. ನಾಲ್ಕು ಪಂದ್ಯ ಮುಗಿದಾಗ 2–2. ಐದನೆಯದು ಮೇ 29ರ ಸಂಜೆ, ವಾಲುರ್‌ನ ಸ್ವಂತ ಹಾಲ್‌ನಲ್ಲಿ. ಅದೇ ದಿನ ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮುಂಚೆ ಗ್ರಿಂಡವಿಕ್ ಪಕ್ಕದ ಸುಂಡ್ನೂಕುರ್ ಎಂಬ ಜ್ವಾಲಾಮುಖಿ ಸಾಲಿನಲ್ಲಿ ಮತ್ತೆ ಸ್ಫೋಟವಾಯಿತು. ಊರಿನಲ್ಲಿದ್ದ ಅಲ್ಪಸ್ವಲ್ಪ ಜನರನ್ನು ಮತ್ತೆ ಹೊರಗೆ ಕಳಿಸಿದರು. ಕಾದಂಬರಿಯಲ್ಲಿ ಹೀಗೆ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಪಂದ್ಯ ನಡೆಯಿತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ವಾಲುರ್‌ನ ದೊಡ್ಡ ಆಟಗಾರ ಕ್ರಿಸ್ಟೋಫರ್ ಏಕಾಕ್ಸ್ ಮಂಡಿಗೆ ಪೆಟ್ಟು ಮಾಡಿಕೊಂಡು ಹೊರಗೆ ಹೋದರು. ಆದರೂ ಗೆದ್ದದ್ದು ವಾಲುರ್.

ಲೆಕ್ಕಕ್ಕೆ ಬಾರದ ಭಾಗ

ಇಲ್ಲಿಗೆ ಸುದ್ದಿ ಮುಗಿಯುತ್ತದೆ. ಪ್ರಕರಣ ಇಲ್ಲಿಂದ ಶುರುವಾಗುತ್ತದೆ ಎಂದು ನನ್ನ ವಾದ.

ಊರು ಖಾಲಿಯಾದ ರಾತ್ರಿ ಗ್ರಿಂಡವಿಕ್‌ನ ಹಾಲ್‌ನಲ್ಲಿ ಸಂಜೆ ನಾಲ್ಕಕ್ಕೆ ಬರುತ್ತಿದ್ದ ಮಕ್ಕಳೂ ಹೊರಟರು. ಅವರಿಗೆ ಮೊದಲ ವರ್ಷ ರಾಜಧಾನಿಯಲ್ಲಿ ತಾತ್ಕಾಲಿಕ ಶಾಲೆಗಳನ್ನು ಮಾಡಿದರು, ಗ್ರಿಂಡವಿಕ್‌ನ ಮಕ್ಕಳು ಒಟ್ಟಿಗೆ ಇರಲಿ ಎಂದು. ಬೇರೆ ಊರುಗಳ ಕ್ಲಬ್‌ಗಳು ಬಾಗಿಲು ತೆರೆದವು: ಬನ್ನಿ, ನಮ್ಮ ಮಕ್ಕಳ ಜೊತೆ ಆಡಿ, ಶುಲ್ಕ ಬೇಡ. ಇದು ದೊಡ್ಡ ಮನಸ್ಸಿನ ಕೆಲಸ, ಅನುಮಾನವೇ ಇಲ್ಲ. ಆದರೆ ಒಂಬತ್ತು ವರ್ಷದ ಹುಡುಗಿ ಹಾಫ್ನಾರ್‌ಫ್ಯೋರ್ಡುರ್‌ನಲ್ಲೋ ಕೆಫ್ಲಾವಿಕ್‌ನಲ್ಲೋ ಒಂದು ಚಳಿಗಾಲ ಆಡಿದರೆ ಅವಳ ಗೆಳತಿಯರು ಅಲ್ಲಿಯವರೇ ಆಗುತ್ತಾರೆ. ಎರಡನೇ ಚಳಿಗಾಲ ಬಂದರೆ ಜೆರ್ಸಿಯೂ ಅಲ್ಲಿಯದೇ. ಅವಳನ್ನು ಯಾರೂ ಕಿತ್ತುಕೊಂಡಿಲ್ಲ. ಯಾರ ತಪ್ಪೂ ಇಲ್ಲ. ಸಹಾಯ ಮಾಡಿದಷ್ಟೂ ಕ್ಲಬ್ ಕರಗುತ್ತದೆ.

2024ರ ಶರತ್ಕಾಲದಿಂದ ತಾತ್ಕಾಲಿಕ ಶಾಲೆಯೂ ನಿಂತಿತು. ಮಕ್ಕಳು ತಾವಿರುವ ಊರಿನ ಶಾಲೆಗೆ ಸೇರಿದರು. ಅದೇ ವರ್ಷ ಸರ್ಕಾರ ಥೋರ್ಕಾಟ್ಲಾ ಎಂಬ ಕಂಪನಿ ಮಾಡಿ ಗ್ರಿಂಡವಿಕ್‌ನ ಮನೆಗಳನ್ನು ಕೊಳ್ಳಲು ಶುರುಮಾಡಿತ್ತು. 900ಕ್ಕೂ ಜಾಸ್ತಿ ಮನೆಗಳು ಹೀಗೆ ಕೈಬದಲಾದವು. ಮನೆ ಮಾರಿದವರು ಬೇರೆ ಕಡೆ ಮನೆ ಕೊಂಡರು, ಬೇರು ಬಿಟ್ಟರು. ಅವರಿಗೆ ಅದು ಬೇಕಿತ್ತು. ಕಾಯುತ್ತಾ ಕೂರಿ, ಕ್ಲಬ್‌ಗೆ ಮಕ್ಕಳು ಬೇಕು ಎಂದು ಯಾರಿಗಾದರೂ ಹೇಳಲು ಬಾಯಿ ಬರುತ್ತದೆಯೇ?

ಹೋಲಿಸಿ ನೋಡಲು ಅದೇ ದೇಶದ ಇನ್ನೊಂದು ಉದಾಹರಣೆ ಇದೆ. ರೇಕ್ಯಾವಿಕ್‌ನ ಲಾಗಾರ್ಡಾಲ್ಸ್‌ಹೋಲ್ 1965ರಲ್ಲಿ ತೆರೆದ ರಾಷ್ಟ್ರೀಯ ಹಾಲ್. 1972ರಲ್ಲಿ ಫಿಷರ್ ಮತ್ತು ಸ್ಪಾಸ್ಕಿ ಚೆಸ್ ಆಡಿದ್ದು ಅಲ್ಲೇ. 2020ರ ಕೊನೆಯಲ್ಲಿ ನೀರು ಸೋರಿ ಅದರ ಮರದ ನೆಲ ಹಾಳಾಯಿತು. ಬಹಳ ಕಾಲ ಪಂದ್ಯ ನಡೆಸಲಾಗಲಿಲ್ಲ. ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ತಂಡ ಹಾಫ್ನಾರ್‌ಫ್ಯೋರ್ಡುರ್‌ನ ಹೌಕರ್ ಕ್ಲಬ್‌ನ ಹಾಲ್ ಎರವಲು ಪಡೆಯಿತು. 2022ರ ಫೆಬ್ರವರಿಯಲ್ಲಿ ಆ ಚಿಕ್ಕ ಹಾಲ್‌ನಲ್ಲೇ ಎರಡು ಹೆಚ್ಚುವರಿ ಅವಧಿ ಆಡಿ ಇಟಲಿಯನ್ನು 107–105ರಲ್ಲಿ ಸೋಲಿಸಿತು. ದೇಶದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯ ದೊಡ್ಡ ಗೆಲುವುಗಳಲ್ಲಿ ಒಂದು ಇನ್ನೊಬ್ಬರ ಹಾಲ್‌ನಲ್ಲಿ ಬಂತು.

ಅಂದರೆ ಎರವಲು ಹಾಲ್ ಕೆಟ್ಟದ್ದೇನಲ್ಲ. ರಾಷ್ಟ್ರೀಯ ತಂಡಕ್ಕೆ ಅದು ಸಾಕು. ಯಾಕೆಂದರೆ ರಾಷ್ಟ್ರೀಯ ತಂಡಕ್ಕೆ ಆರು ವರ್ಷದ ಮಕ್ಕಳ ಬ್ಯಾಚ್ ಇಲ್ಲ. ಅದಕ್ಕೆ ಆಟಗಾರರನ್ನು ಬೆಳೆಸಿಕೊಡುವವರು ಬೇರೆ. ಉತ್ತರದ ಬಾರ್ಡಾರ್‌ಡಾಲುರ್ ಕಣಿವೆಯ ಕುರಿ ಸಾಕಣೆಯ ಮನೆಯಲ್ಲಿ ಬೆಳೆದ 216 ಸೆಂಟಿಮೀಟರ್ ಎತ್ತರದ ಟ್ರಿಗ್ವಿ ಹ್ಲಿನಾಸನ್ ಓದಲು ಅಕುರೇರಿಗೆ ಬಂದು, ಹದಿಹರೆಯದ ಕೊನೆಯ ಭಾಗದಲ್ಲಿ ಅಲ್ಲಿನ ಥೋರ್ ಕ್ಲಬ್‌ನಲ್ಲಿ ಚೆಂಡು ಹಿಡಿದರು. ಆಮೇಲೆ ವೇಲೆನ್ಸಿಯಾ, ಸರಗೋಸಾ, ಬಿಲ್ಬಾವೊ. ಆ ಹೊತ್ತಿಗೆ ಅಕುರೇರಿಯಲ್ಲಿ ಒಂದು ಹಾಲ್, ಒಬ್ಬ ಕೋಚ್, ಸೇರಿಸಿಕೊಳ್ಳಲು ಒಂದು ತಂಡ ತಯಾರಿಲ್ಲದಿದ್ದರೆ ಅವರು ಬಹಳ ಎತ್ತರದ ಕುರಿಗಾರರಾಗಿ ಉಳಿಯುತ್ತಿದ್ದರು, ಅಷ್ಟೇ.

ಚಿಕ್ಕ ದೇಶಕ್ಕೆ ಇಂಥ ತಯಾರಿ ಇರುವ ಊರುಗಳು ಎಷ್ಟಿವೆ ಎನ್ನುವುದೇ ಮುಖ್ಯ. ಜರ್ಮನಿಯಲ್ಲಿ ಒಂದು ಊರಿನ ಕ್ಲಬ್ ಮುಚ್ಚಿದರೆ ಲೆಕ್ಕದಲ್ಲಿ ಕಾಣುವುದೂ ಇಲ್ಲ. ಮೇಲಿನ ಲೀಗ್‌ನಲ್ಲಿ ಇರುವುದೇ 12 ತಂಡ ಎನ್ನುವ ದೇಶದಲ್ಲಿ, ಆಟದ ಬೇರು ಆಳವಾಗಿರುವ ಮೂಲೆಯ ಒಂದು ಕ್ಲಬ್ ತನ್ನ ಮಕ್ಕಳನ್ನು ಕಳೆದುಕೊಂಡರೆ ಹತ್ತು ವರ್ಷದ ನಂತರ ಅದು ಗೊತ್ತಾಗುತ್ತದೆ. ಇದಕ್ಕೆ ಎದುರು ವಾದವೂ ಇದೆ. ಮಕ್ಕಳು ಆಟ ಬಿಟ್ಟಿಲ್ಲ, ಬೇರೆ ಕ್ಲಬ್‌ನಲ್ಲಿ ಆಡುತ್ತಿದ್ದಾರೆ, ದೇಶಕ್ಕೇನು ನಷ್ಟ? ಅರ್ಧ ಒಪ್ಪುತ್ತೇನೆ. ಆದರೆ ಚಿಕ್ಕ ಊರಿನಲ್ಲಿ ಬಂದ ಪ್ರತಿ ಮಗುವಿಗೂ ತಂಡದಲ್ಲಿ ಜಾಗ ಸಿಗುತ್ತದೆ, ಯಾಕೆಂದರೆ ತಂಡ ತುಂಬಲು ಎಲ್ಲರೂ ಬೇಕು. ದೊಡ್ಡ ಊರಿನ ಕ್ಲಬ್‌ನಲ್ಲಿ ಅದೇ ಮಗು ಮೂರನೇ ತಂಡದ ಬೆಂಚಿನಲ್ಲಿ ಕೂತು, ಹದಿಮೂರಕ್ಕೆ ಬೇಸತ್ತು ಮನೆಗೆ ಹೋಗಬಹುದು. ತಡವಾಗಿ ಅರಳುವವರು ಉಳಿಯುವುದು ಚಿಕ್ಕ ಊರುಗಳಲ್ಲೇ.

ಈಗಿನ ಸ್ಥಿತಿ

2023ರ ಡಿಸೆಂಬರ್‌ನಿಂದ 2025ರ ಜುಲೈವರೆಗೆ ಸುಂಡ್ನೂಕುರ್ ಸಾಲಿನಲ್ಲಿ ಒಟ್ಟು ಒಂಬತ್ತು ಸ್ಫೋಟಗಳಾದವು. ನಡುನಡುವೆ ಜನ ಊರಿಗೆ ಹೋಗಿ ಬರುತ್ತಿದ್ದರು. ಬಂದರಿನ ಕೆಲಸ, ಮೀನಿನ ಕೆಲಸ ನಿಂತು ನಿಂತು ನಡೆಯಿತು. ಗಂಡಸರ ಬ್ಯಾಸ್ಕೆಟ್‌ಬಾಲ್ ತಂಡ 2025ರ ವಸಂತದಲ್ಲಿ ಸೆಮಿಫೈನಲ್‌ವರೆಗೆ ಬಂದು ಸ್ಟ್ಯಾರ್ನನ್ ಎದುರು ಸೋತಿತು. ಆ ಸ್ಟ್ಯಾರ್ನನ್ ಮುಂದೆ ಟಿಂಡಾಸ್ಟೋಲ್ ಅನ್ನು ಸೋಲಿಸಿ ತನ್ನ ಮೊದಲ ಚಾಂಪಿಯನ್‌ಷಿಪ್ ಎತ್ತಿತು. ಅದೇ ಶರತ್ಕಾಲಕ್ಕೆ ಶುರುವಾದ ಸೀಸನ್‌ನಲ್ಲಿ ಗ್ರಿಂಡವಿಕ್ ತನ್ನ ಪಂದ್ಯಗಳನ್ನು ಮತ್ತೆ ಊರಿನ ಹಾಲ್‌ಗೆ ತಂದಿತು.

ಈ ಮರಳಿಕೆಯನ್ನು ಹೇಗೆ ನೋಡಬೇಕು? ಪ್ರೇಕ್ಷಕರಲ್ಲಿ ಹೆಚ್ಚಿನವರು ಈಗ ಆ ಊರಿನಲ್ಲಿ ಮಲಗುವವರಲ್ಲ. ರೇಕ್ಯಾವಿಕ್ ಕಡೆಯಿಂದ ಸುಮಾರು 50 ಕಿಲೋಮೀಟರ್ ಕಾರು ಓಡಿಸಿ ಬರುತ್ತಾರೆ. ದಾರಿಯಲ್ಲಿ ಎರಡೂ ಕಡೆ ಹೊಸ ಲಾವಾ, ರಸ್ತೆಯ ಕೆಲವು ಭಾಗವೂ ಲಾವಾದ ಮೇಲೆಯೇ ಮತ್ತೆ ಹಾಕಿದ್ದು. ಪಂದ್ಯ ಮುಗಿದ ಮೇಲೆ ವಾಪಸ್. ನನ್ನ ಮಟ್ಟಿಗೆ ಇದು ಸರಿಯಾದ ಹೆಜ್ಜೆ, ಆದರೆ ಸುಲಭವಾದ ಹೆಜ್ಜೆಯೂ ಹೌದು. ಹನ್ನೆರಡು ಜನ ಆಟಗಾರರು ಕಾರಿನಲ್ಲಿ ಬಂದು ಹೋಗಬಹುದು. ಎಂಟು ವರ್ಷದ ಮಗುವನ್ನು ವಾರಕ್ಕೆ ಮೂರು ದಿನ ತರಬೇತಿಗೆ 50 ಕಿಲೋಮೀಟರ್ ಯಾರು ಕರೆದುಕೊಂಡು ಬರುತ್ತಾರೆ?

ಹಾಗಾಗಿ ಗ್ರಿಂಡವಿಕ್ ಕ್ಲಬ್ ಉಳಿಯಿತೇ ಎಂದು ಕೇಳಿದರೆ ಲೀಗ್ ಪಟ್ಟಿಯನ್ನು ನೋಡಿ ಹೇಳಲು ಬರುವುದಿಲ್ಲ. ಅಲ್ಲಿ ತಂಡ ಮೇಲೆಯೇ ಇರುತ್ತದೆ, ಒಳ್ಳೆಯ ವಿದೇಶಿ ಆಟಗಾರರನ್ನು ತಂದರೆ ಮತ್ತೆ ಫೈನಲ್‌ಗೂ ಹೋಗುತ್ತದೆ. ನೋಡಬೇಕಾದದ್ದು ಶಾಲೆ ಯಾವಾಗ ತೆರೆಯುತ್ತದೆ, ಥೋರ್ಕಾಟ್ಲಾ ಕೈಯಲ್ಲಿರುವ ಮನೆಗಳಿಗೆ ಚಿಕ್ಕ ಮಕ್ಕಳಿರುವವರು ವಾಪಸ್ ಬರುತ್ತಾರೆಯೇ, ಹತ್ತು ವರ್ಷದ ಒಳಗಿನವರ ಟೂರ್ನಿಗೆ ಗ್ರಿಂಡವಿಕ್ ತನ್ನದೇ ಹೆಸರಿನ ತಂಡ ಕಳಿಸುತ್ತದೆಯೇ ಎನ್ನುವುದನ್ನು.